ಎಡಗೈಗೆ ಒಂದು ಚಾಕು

"ಮೇಡಂ, ತರಕಾರಿ ಹೆಚ್ಚಕ್ಕಾ?" ಎಂದು ಕೇಳಿದ ರಾಮನಗರದ ಆ ಪಾತ್ರೆ ಅಂಗಡಿಯವನ ಮುಖಕ್ಕೆ ನನ್ನ ಕೈಚೀಲ ಬೀಸಬೇಕು ಅನ್ನಿಸಿತ್ತು. ಮೂರು ಸಲ ಬಿಡಿಸಿ ಹೇಳಿದ್ದೆ. ಮಡಚುವ ಚಾಕು ಬೇಕು. ಸೊಂಟದಲ್ಲೇ ಇಟ್ಟುಕೊಳ್ಳುವಂಥದ್ದು. ಎಡಗೈ ಒಂದರಿಂದಲೇ ಬಿಚ್ಚಬೇಕು, ಎಡಗೈ ಒಂದರಿಂದಲೇ ಮಡಚಬೇಕು. ಐನೂರು ರೂಪಾಯಿ ದಾಟಬಾರದು. ಅವನು ಮೂರು ಸಲವೂ "ಗೊತ್ತಾಯ್ತು, ಗೊತ್ತಾಯ್ತು" ಎಂದು ತಲೆಯಾಡಿಸಿ, ಗುಲಾಬಿ ಬಣ್ಣದ ಹಿಡಿ ಇರುವ ಟೊಮೆಟೊ ಚಾಕುಗಳನ್ನೇ ಮುಂದೆ ಹರಡಿದ.

"ಇವು ಮಡಚಲ್ಲ," ಅಂದೆ.

"ಮಡ್ಚೋದೇ ಬೇಕಾ? ಅಂಗಾರೆ ಇದ್ ತಗಳಿ," ಎಂದು ಒಂದು ಉಗುರು ಕತ್ತರಿ ತೆಗೆದ. ಅದರ ಹೊಟ್ಟೆಯೊಳಗೆ ಬಾಳೆಹಣ್ಣನ್ನೂ ಕೊಯ್ಯಲಾಗದ ಒಂದು ಅಲಗು ಮಲಗಿತ್ತು. "ಚಾಕೂ ಐತೆ, ಬಾಟ್ಲಿ ಓಪನ್ ಮಾಡದೂ ಐತೆ. ಯಾರಿಗೆ ಮೇಡಂ?"

"ನಮ್ಮಪ್ಪನಿಗೆ. ಎಪ್ಪತ್ತನಾಲ್ಕು ವರ್ಷ. ಬಲಗೈ ಬಿದ್ದುಹೋಗಿದೆ."

"ಅಯ್ಯೋ ಪಾಪ. ಅಂಥೋರಿಗೆ ಚಾಕು ಯಾಕ್ ಮೇಡಂ? ನೀವೇ ಹೆಚ್ಚಿ ಕೊಡ್ಬೋದಲ್ಲ?"

ಈ ಮಾತನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಮನೆಯಲ್ಲಿ ಇದೇ, ಬಸ್ಸಿನಲ್ಲಿ ಇದೇ, ಈಗ ದುಡ್ಡು ಕೊಡುವ ಕಡೆಯೂ ಇದೇ. "ನೀವು ಉಗುರು ತೆಗೆದುಕೊಂಡಿರಿ" ಎಂದು ಹೇಳಿ ಮೆಟ್ಟಿಲಿಳಿದೆ. ಬಸ್‌ಸ್ಟ್ಯಾಂಡಿಗೆ ಬರುವವರೆಗೂ ಒಬ್ಬಳೇ ಬೈಯುತ್ತಾ ಬಂದೆ, ಎದುರಿಗೆ ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆ. ಅಪ್ಪ ಹಿಪ್ಪುನೇರಳೆ ಸೊಪ್ಪು, ರಾಗಿ ಬೆಳೆದುಕೊಂಡು ಬಂದವನು. ಅವನ ಉಡಿದಾರಕ್ಕೆ ಒಂದು ದಾರ, ಆ ದಾರದ ತುದಿಗೆ ಒಂದು ಮಡಚುವ ಚಾಕು. ಅದು ಪಟ್ಟಾಪಟ್ಟಿ ಚಡ್ಡಿಯ ಜೇಬಿನಲ್ಲಿ ಕೂತಿರುತ್ತಿತ್ತು. ನನಗೆ ಬುದ್ಧಿ ಬಂದಾಗಿನಿಂದ ಅಪ್ಪನನ್ನು ಆ ಚಾಕು ಇಲ್ಲದೆ ನೋಡಿದ್ದಿಲ್ಲ. ಗೊಬ್ಬರದ ಮೂಟೆಯ ಹೊಲಿಗೆ ಬಿಚ್ಚುವುದಕ್ಕೆ ಅದೇ, ಕಬ್ಬಿನ ಸಿಪ್ಪೆ ಸವರುವುದಕ್ಕೆ ಅದೇ, ಕಾಲಿನ ಮುಳ್ಳು ತೆಗೆಯುವುದಕ್ಕೂ ಅದೇ. ಮಾವಿನ ಹಣ್ಣನ್ನು ಅವನು ಎಂದೂ ಕಚ್ಚಿ ತಿಂದವನಲ್ಲ. ಪಡಸಾಲೆಯಲ್ಲಿ ಕೂತು ಒಂದೊಂದೇ ಹೋಳು ಕೊಯ್ದು, ಚಾಕಿನ ಮೇಲೇ ಬಾಯಿಗಿಡುತ್ತಿದ್ದ. ಸಾಣೆ ಹಿಡಿದು ಹಿಡಿದು ಅಲಗು ಅರ್ಧಕ್ಕೆ ಸವೆದಿತ್ತು. ಅಮ್ಮ ಇದ್ದಾಗ "ನನಗಿಂತ ಅದೇ ಎಚ್ಚು ನಿಮ್ಮಪ್ಪಂಗೆ" ಎಂದು ಆಡಿಕೊಳ್ಳುತ್ತಿದ್ದಳು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಸೊಪ್ಪು ಕೊಯ್ಯುತ್ತಿದ್ದ ಸಾಲಿನಲ್ಲೇ ಅಪ್ಪ ಕುಸಿದ. ಲಕ್ವ. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು. ಮೂರು ವಾರ ಆಸ್ಪತ್ರೆಯಲ್ಲಿಟ್ಟು ಮನೆಗೆ ಕಳಿಸಿದರು. ಪಡಸಾಲೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ಮನೆಯಲ್ಲಿ ಇದ್ದವರು ನಾನು, ನನ್ನ ತಮ್ಮ, ಅವನ ಹೆಂಡತಿ. ನಾನು ಗಂಡ ತೀರಿಕೊಂಡ ಮೇಲೆ ತವರಿಗೇ ಬಂದವಳು. ಚನ್ನಪಟ್ಟಣದಲ್ಲಿ ಒಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಪಹಣಿ ತಿದ್ದುಪಡಿ, ಪಿಂಚಣಿ, ರೇಷನ್ ಕಾರ್ಡು, ಏನೇ ಅರ್ಜಿಯಿದ್ದರೂ ಜನ ಬಂದು ಬಾಯಲ್ಲಿ ಹೇಳುತ್ತಾರೆ, ನಾನು ನೆಟ್ಟಗೆ ಮಾಡಿ ಟೈಪ್ ಮಾಡಿಕೊಡುತ್ತೇನೆ. ಹಲ್ಲಿಲ್ಲದ ಮುದುಕಿಯರು, ಕುಡಿದು ಬಂದವರು, ಅಳುತ್ತಾ ಬಂದವರು, ಯಾರು ಹೇಗೆ ತೊದಲಿದರೂ ನನಗೆ ಅರ್ಥವಾಗುತ್ತದೆ ಎಂದು ಆ ಬೀದಿಯಲ್ಲೆಲ್ಲ ಹೆಸರಿದೆ. ಆ ಹೆಸರಿಗೆ ಬೆಂಕಿ ಹಾಕಬೇಕು.

ಮೊದಮೊದಲು ಅಪ್ಪನಿಗೆ ಮಾತೇ ಇರಲಿಲ್ಲ. ಯುಗಾದಿಯ ಹೊತ್ತಿಗೆ ಒಂದು ಮಾತು ಬಾಯಿಗೆ ಬಂತು. "ಸಾಕು." ಅಷ್ಟೇ. ತಮ್ಮನ ಹೆಂಡತಿ ತುತ್ತು ಇಡುತ್ತಿದ್ದಳು, ನಾಲ್ಕನೇ ತುತ್ತಿಗೆ ಅಪ್ಪ "ಸಾಕು" ಅನ್ನುತ್ತಿದ್ದ, ಅವಳು ತಟ್ಟೆ ಎತ್ತುತ್ತಿದ್ದಳು. ಸಂಜೆ ನಾನು ತಿನ್ನಿಸುವಾಗಲೂ ಅದೇ. ಅವನು ಇನ್ನೊಂದು ಸಲ, ಮತ್ತೊಂದು ಸಲ "ಸಾಕು, ಸಾಕು" ಎಂದು ತಲೆ ಕೊಡವಿದರೆ, "ಆಯ್ತು ಕಣಪ್ಪ, ಬಲವಂತ ಮಾಡಕಿಲ್ಲ" ಎಂದು ನಾನೂ ತಟ್ಟೆ ಎತ್ತಿದೆ. ಎರಡು ತಿಂಗಳು ಹೀಗೇ ನಡೆಯಿತು. ಅಪ್ಪನ ಕೆನ್ನೆ ಗುಳಿಬಿತ್ತು. ನೋಡಲು ಬಂದವರು "ವಯಸ್ಸಾಯ್ತಲ್ಲ, ಊಟ ಕಮ್ಮಿ ಆಯ್ತದೆ" ಅಂದರು. ನಾವೂ ಹೂಂ ಅಂದೆವು.

ಮೇ ತಿಂಗಳ ಒಂದು ಭಾನುವಾರ ಮಂಚದ ಪಕ್ಕ ಕೂತು ಈಳಿಗೆಮಣೆಯಲ್ಲಿ ರಸಪುರಿ ಹಣ್ಣು ಕೊಯ್ಯುತ್ತಿದ್ದೆ. ಇನ್ನೂ ಒಂದು ಹೋಳೂ ಕೊಟ್ಟಿರಲಿಲ್ಲ. ಅಪ್ಪ "ಸಾಕು" ಅಂದ. ತಿನ್ನದೇ ಸಾಕು ಅನ್ನುತ್ತಾನಲ್ಲ ಎಂದು ತಲೆಯೆತ್ತಿದೆ. ಎಡಗೈಯಿಂದ ಸೊಂಟವನ್ನು ಪಟಪಟ ಬಡಿಯುತ್ತಿದ್ದ. ಕಣ್ಣು ಕೆಂಪಗಾಗಿತ್ತು. "ಸಾಕು! ಸಾಕು!"

ನಮ್ಮ ಕಡೆ ಗಟ್ಟಿ ನಾಲಿಗೆಯವರೇ ಚೂರಿಗೆ ಸೂರಿ ಅನ್ನುತ್ತಾರೆ, ಚಂದಾಗೈತೆ ಅನ್ನುವುದಕ್ಕೆ ಸಂದಾಗೈತೆ ಅನ್ನುತ್ತಾರೆ. ಇನ್ನು ಬಾಯಿ ಸೊಟ್ಟಗಾದವನು ಚಾಕು ಎಂದು ಹೇಗೆ ಅಂದಾನು?

ಈಳಿಗೆಮಣೆ ಬಿಟ್ಟು ಎದ್ದು ನಿಂತೆ. "ಚಾಕಾ ಅಪ್ಪಾ? ನಿನ್ ಚಾಕಾ?" ಅಂದೆ. ಅಪ್ಪ ಕಣ್ಣು ಮುಚ್ಚಿದ. ಎರಡು ತಿಂಗಳು ಅವನು ಚಾಕು ಕೇಳಿದ್ದ, ನಾವು ಅವನ ಬಾಯಿಂದ ಅನ್ನ ಕಿತ್ತಿದ್ದೆವು. ಹಸಿದ ಮನುಷ್ಯನ ಸುತ್ತ ಮನೆಯ ಮೂರು ಜನವೂ ನಿಂತು ತಟ್ಟೆ ಎತ್ತಿದ್ದೆವು. ನನಗೆ ಆ ಕ್ಷಣ ಬಂದ ಸಿಟ್ಟು ಎಂಥದ್ದೆಂದರೆ, ಹಿತ್ತಿಲಲ್ಲಿ ಸೊಪ್ಪು ಹರಡುತ್ತಿದ್ದ ತಮ್ಮನ ಹತ್ತಿರ ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

"ಅಪ್ಪನ ಚಾಕು ಎಲ್ಲಾ?"

"ಯಾವ್ ಚಾಕು?"

"ಯಾವ್ ಚಾಕಾ? ಎಷ್ಟ್ ಚಾಕಿದ್ವು ಅಪ್ಪನ್ ಸೊಂಟದಲ್ಲಿ?"

ಅವನು ಸೊಪ್ಪು ಕೆಳಗಿಟ್ಟ. "ಗುಜ್ರಿಗಾಕ್ಬುಟ್ಟೆ ಕಣಕ್ಕ. ಆಸ್ಪತ್ರೆಲಿ ಬಟ್ಟೆ ಗಂಟ್ ಕೊಟ್ರಲ್ಲ, ಅದ್ರಲ್ಲಿತ್ತು. ಲಕ್ವ ವೊಡ್ದೋರು ಮನ್ಸ್ ಕೆಡಿಸ್ಕಂಡು ಏನಾರ ಮಾಡ್ಕಂಬುಡ್ತಾರೆ, ಅರಿತವಾದ್ದು ಕೈಗ್ ಸಿಗ್ದಂಗೆ ಮಡಗು ಅಂತ ಎಲ್ರೂ ಏಳುದ್ರು."

"ಮಡಗು ಅಂದ್ರೆ ಗುಜರಿಗೆ ಹಾಕು ಅಂತೇನ್ಲಾ? ನಿನ್ ಕೈ ಸೇದೋಗ!"

"ಅಲಗೇ ಇರ್ನಿಲ್ಲ ಕಣಕ್ಕ ಅದ್ರಲ್ಲಿ. ನೂರುಪಾಯಿ ಬಾಳಾಕಿಲ್ಲ. ಬ್ಯಾರೆ ತಂದ್ರಾಯ್ತದೆ ಬುಡು."

ತಂದರಾಗುತ್ತದೆಯಂತೆ. ಅವನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವನ ಹೆಂಡತಿ ಸಮಾಧಾನ ಮಾಡಲು ಬಂದವಳು ಅಡುಗೆಮನೆಯ ಚಾಕೊಂದನ್ನು ತೊಳೆದು ತಂದು ಅಪ್ಪನ ಮುಂದೆ ಹಿಡಿದಳು. ಅಪ್ಪ ಅದನ್ನು ಎಡಗೈಯಿಂದ ತಳ್ಳಿದ, ಅದು ಠಣ್ ಎಂದು ನೆಲಕ್ಕೆ ಬಿತ್ತು. "ನೋಡಿ ಅಕ್ಕ, ಬ್ಯಾಡ್ವಂತೆ," ಅಂದಳು. ಅವಳಿಗೂ ಬೈದೆ. ಮಡಚದ ಚಾಕನ್ನು ಯಾರಾದರೂ ತಂದುಕೊಡಬೇಕು, ಕೆಲಸ ಮುಗಿದ ಮೇಲೆ ಯಾರಾದರೂ ಇಸಕೊಂಡು ಹೋಗಬೇಕು. ಮಡಚುವ ಚಾಕಾದರೆ ಅಪ್ಪನ ಸೊಂಟದಲ್ಲಿರುತ್ತದೆ, ಬೇಕೆಂದಾಗ ಕೈ ಹಾಕಿದರೆ ಸಿಗುತ್ತದೆ, ಯಾರನ್ನೂ ಕೂಗಬೇಕಿಲ್ಲ. ಇಷ್ಟು ತಿಳಿಯದವರ ನಡುವೆ ಅಪ್ಪ ಮಾತಿಲ್ಲದೆ ಬಿದ್ದಿದ್ದ. "ಹೊಸಾದು ತತ್ತೀನಿ ಕಣಪ್ಪ, ನಿನ್ ಎಡಗೈಲೇ ಬಿಚ್ಚೋವಂಥದ್ದು ತತ್ತೀನಿ," ಎಂದು ಮಾತು ಕೊಟ್ಟೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡವನು ಬಹಳ ಹೊತ್ತು ಬಿಡಲಿಲ್ಲ.

ಮಾತು ಕೊಡುವುದು ಸುಲಭ. ರಾಮನಗರದ ಉಗುರು ಕತ್ತರಿಯ ಕಥೆ ಹೇಳಿದೆನಲ್ಲ. ಚನ್ನಪಟ್ಟಣದಲ್ಲಿ ನನ್ನ ಅಂಗಡಿಯ ಸಾಲಿನಲ್ಲೇ ಮೊಬೈಲ್ ಕವರು, ಬೆಲ್ಟು, ಕೂಲಿಂಗ್ ಗ್ಲಾಸು ಮಾರುವವನೊಬ್ಬನಿದ್ದಾನೆ. ಅವನ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಕಾಮನಬಿಲ್ಲಿನ ಬಣ್ಣದ ಚಾಕುಗಳಿದ್ದವು. ಮೈಮೇಲೆ ಬೆಂಕಿ ಉಗುಳುವ ಹಾವಿನ ಚಿತ್ರ. ಮುನ್ನೂರೈವತ್ತು. ಅಲಗಿನ ಬದಿಯಲ್ಲಿ ಒಂದು ಗುಬುಟಿತ್ತು, ಹೆಬ್ಬೆರಳಿನಿಂದ ಅದನ್ನು ನೂಕಿದರೆ ಅಲಗು ತೆರೆದುಕೊಳ್ಳುತ್ತದೆ. ಬಲಗೈಯನ್ನು ಸೆರಗಿನೊಳಗೆ ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲಿ ನೂಕಿದೆ. ಟಕ್ ಎಂದು ತೆರೆಯಿತು. ಅಂಗಡಿಗೆ ಬಂದವರೆಲ್ಲ ಬೆಲ್ಟು ನೋಡುವುದು ಬಿಟ್ಟು ನನ್ನನ್ನು ನೋಡತೊಡಗಿದರು. ನೋಡಲಿ.

ತೆರೆದದ್ದು ಮುಚ್ಚಬೇಕಲ್ಲ. ಒಳಗೆ ಒಂದು ತಗಡಿನ ಪಟ್ಟಿ ಅಲಗನ್ನು ತಡೆದು ನಿಂತಿರುತ್ತದೆ. ಅದನ್ನು ಒತ್ತಿ ಹಿಡಿದು ಅಲಗು ಮಡಚಬೇಕು. ಆ ಪಟ್ಟಿ ಇರುವುದು ಬಲಗೈಯವರಿಗೆ ಅನುಕೂಲವಾದ ಕಡೆ. ಎಡಗೈ ಬೆರಳನ್ನು ಸುತ್ತಿಸಿ ಒತ್ತಿದೆ, ಅಲಗು ತೊಡೆಗೆ ಒತ್ತಿದೆ, ಅದು ಸರ್ರನೆ ಬಂದು ತೋರುಬೆರಳಿನ ಮೇಲೆ ಕೂತಿತು. ರಕ್ತ ಗಾಜಿನ ಪೆಟ್ಟಿಗೆಯ ಮೇಲೆ ತೊಟ್ಟಿಕ್ಕಿತು.

"ಅಯ್ಯಯ್ಯೋ, ಎರಡು ಕೈಲಿ ಮಡಚ್ಬೇಕು ಮೇಡಂ ಅದು!" ಎಂದು ಅಂಗಡಿಯವನು ಕಿರುಚಿದ.

"ಎರಡು ಕೈ ಇದ್ದಿದ್ದರೆ ನಿನ್ನ ಅಂಗಡಿಗೆ ಯಾಕೆ ಬರುತ್ತಿದ್ದೆ?" ಅಂದೆ. ಬೆರಳಿಗೆ ಸೆರಗು ಸುತ್ತಿಕೊಂಡು ಇಡೀ ಮಧ್ಯಾಹ್ನ ಒಂಬತ್ತು ಬೆರಳಲ್ಲಿ ಜನರ ಅರ್ಜಿ ಟೈಪ್ ಮಾಡಿದೆ. ಒಬ್ಬಾತನ ತಂದೆಯ ಹೆಸರನ್ನು ಎರಡು ಕಡೆ ತಪ್ಪು ಹೊಡೆದೆ.

ಆಮೇಲೆ ಫೋನಿನಲ್ಲಿ ತರಿಸಿದೆ. ಚಿತ್ರದಲ್ಲಿ ಹುಲಿ ಸೀಳುವ ಹಾಗಿತ್ತು. ಬಂದದ್ದು ಬಸ್ ಪಾಸಿನ ಗಾತ್ರದ ಪ್ಲಾಸ್ಟಿಕ್ ತುಂಡು, ಅದರೊಳಗೆ ತೆಳುವಾದ ತಗಡು. ಅದು ಬಂದ ಡಬ್ಬಿಯ ಅಂಟುಪಟ್ಟಿಯನ್ನೇ ಅದು ಕೊಯ್ಯಲಿಲ್ಲ. ವಾಪಸ್ ಕಳಿಸುತ್ತೇನೆಂದರೆ ಈ ಬಗೆಯ ಮಾಲು ವಾಪಸ್ ಇಲ್ಲವಂತೆ. ನೂರತೊಂಬತ್ತೊಂಬತ್ತು ರೂಪಾಯಿ ನೀರಿಗೆ ಹೋಯಿತು. ಥೂ, ಇವರ ಜನ್ಮಕ್ಕಿಷ್ಟು!

ಕನಕಪುರಕ್ಕೆ ನೆಂಟರ ಗೃಹಪ್ರವೇಶಕ್ಕೆಂದು ಹೋದ ದಿನ, ಊಟ ಮುಗಿಸಿದವಳೇ ಪೇಟೆಗೆ ಬಂದು ಒಂದು ದೊಡ್ಡ ಹಾರ್ಡ್‌ವೇರ್ ಅಂಗಡಿಗೆ ಹೊಕ್ಕೆ. ಅಲ್ಲಿ ನಿಜಕ್ಕೂ ಒಳ್ಳೆಯ ಚಾಕೊಂದಿತ್ತು. ಕೈಗೆ ತೂಕವಾಗಿ ಕೂರುತ್ತಿತ್ತು, ಅಲಗು ಅಲ್ಲಾಡುತ್ತಿರಲಿಲ್ಲ. ಬೆಲೆ ಕೇಳಿದರೆ ಸಾವಿರದ ಇನ್ನೂರು. ಅಪ್ಪನ ತಿಂಗಳ ಮಾತ್ರೆಯ ದುಡ್ಡು. ಅದೂ ಹೋಗಲಿ, ಅದರಲ್ಲೂ ಅದೇ ಬಲಗೈಯ ಪಟ್ಟಿ. ಇನ್ನೂ ಕೈಯಲ್ಲಿ ಹಿಡಿದು ನೋಡುತ್ತಿರುವಾಗಲೇ ಅಂಗಡಿಯವನು ಒಂದು ಪುಸ್ತಕ ಮುಂದೆ ನೂಕಿ, "ತಗಳಾದಾದ್ರೆ ಎಸ್ರು, ಫೋನ್ ನಂಬರ್ ಬರೀರಿ ಮೇಡಂ. ಇತ್ತಿತ್ಲಾಗೆ ಒಡೆದಾಟ ಜಾಸ್ತಿ," ಅಂದ. ಒಂದೂರಿನಲ್ಲಿ ನಾನು ಟೊಮೆಟೊ ಹೆಚ್ಚುವವಳು, ಇನ್ನೊಂದೂರಿನಲ್ಲಿ ಯಾರನ್ನೋ ಇರಿಯುವವಳು. ಚಾಕು ಹಿಡಿದು ಒಬ್ಬ ಮುದುಕ ಸುಮ್ಮನೆ ಹಣ್ಣು ತಿನ್ನಬಹುದು ಎನ್ನುವುದು ಈ ಜಿಲ್ಲೆಯಲ್ಲಿ ಯಾರ ತಲೆಗೂ ಹೋಗದ ವಿಷಯ. ಚಾಕನ್ನು ಗಾಜಿನ ಮೇಲೆ ಕುಕ್ಕಿ ಬಂದೆ.

ಮನೆಗೆ ಬಂದರೆ ತಮ್ಮ, "ಯಾಕಕ್ಕ ಇಂಗ್ ಅಲೀತಿದ್ದೀಯ, ಅಪ್ಪ ಈಗ ಸಂದಾಗ್ ಉಣ್ತಾವ್ನಲ್ಲ" ಅಂದ. ಅದು ನಿಜ. ಚಾಕಿನ ಮಾತು ಅರ್ಥವಾಯಿತೆಂದು ಗೊತ್ತಾದ ಮೇಲೆ ಅಪ್ಪ ಮುದ್ದೆ ಪೂರ್ತಿ ನುಂಗುತ್ತಿದ್ದ. ಆದರೆ ಪ್ರತಿ ಸಂಜೆ ನಾನು ಬಸ್ಸಿಳಿದು ಬಂದ ತಕ್ಷಣ ಅವನ ಕಣ್ಣು ನನ್ನ ಕೈಚೀಲದ ಮೇಲೆ. ನಾನು ಇಲ್ಲ ಎಂದು ತಲೆಯಾಡಿಸಿದರೆ ಮುಖ ಗೋಡೆಗೆ ತಿರುಗುತ್ತಿತ್ತು. ಒಂದು ತಿಂಗಳು ಹೀಗೆ. ತಮ್ಮ ಆ ಮುಖ ನೋಡಿದ್ದರೆ ಹಾಗೆ ಮಾತಾಡುತ್ತಿರಲಿಲ್ಲ.

ದಾರಿ ತೋರಿಸಿದವನು ಕ್ಷೌರದವನು. ಭಾನುವಾರ ಮನೆಗೇ ಬಂದು ಅಪ್ಪನಿಗೆ ಗಡ್ಡ ಹೆರೆಯುತ್ತಾನೆ. ಅವನ ಒಂದು ಕೈ ಅಪ್ಪನ ಗಲ್ಲ ಎತ್ತಿ ಹಿಡಿದಿತ್ತು. ಇನ್ನೊಂದು ಕೈಯಲ್ಲಿ ಕತ್ತಿ ತಾನೇ ತೆರೆದುಕೊಂಡಿತು, ಒಂದು ಕಡೆ ಮುಗಿದ ಮೇಲೆ ತಾನೇ ಮಡಚಿಕೊಂಡಿತು.

"ಅದು ಹೆಂಗೆ ಒಂದೇ ಕೈಲಿ?" ಎಂದು ಕೇಳಿದೆ.

"ಇದಕ್ಕೆ ಬಾಲ ಐತಲ್ಲಕ್ಕ," ಎಂದು ತೋರಿಸಿದ. ಅಲಗಿನ ಬುಡ ಹಿಡಿಯಿಂದಾಚೆಗೆ ಒಂದು ಬೆರಳಿನಷ್ಟು ಬಾಗಿ ಹೊರಗೆ ಬಂದಿತ್ತು. ಹೆಬ್ಬೆರಳು ಅದನ್ನು ಒತ್ತಿದರೆ ಅಲಗು ಏಳುತ್ತದೆ. ಸ್ಪ್ರಿಂಗಿಲ್ಲ, ಪಟ್ಟಿಯಿಲ್ಲ, ಎಡ ಬಲ ಅನ್ನುವ ಭೇದವೇ ಇಲ್ಲ. ನಾನು ಐದು ವಾರ ಮೂರೂರು ಸುತ್ತಿ ಹುಡುಕಿದ್ದು ಪ್ರತಿ ಭಾನುವಾರ ನಮ್ಮ ಪಡಸಾಲೆಗೇ ಬಂದು ಹೋಗುತ್ತಿತ್ತು. ನನ್ನ ಕಣ್ಣಿಗೇ ಬೈದುಕೊಂಡೆ. ಇಂಥ ಬಾಲದ ಚಾಕು ಯಾರು ಮಾಡಿಕೊಡುತ್ತಾರೆ ಎಂದರೆ, ಮಾಗಡಿಯಲ್ಲಿ ಒಬ್ಬ ಆಚಾರಿಯಿದ್ದಾರೆ, ಹೇಳಿದ್ದು ಕೇಳಿಸಿಕೊಂಡು ಮಾಡುತ್ತಾರೆ ಅಂದ.

ಕೇಳಿಸಿಕೊಳ್ಳುತ್ತಾರೆ ಎಂಬ ಮಾತಿಗೇ ನಾನು ಅಲ್ಲಿಗೆ ಹೊರಟದ್ದು. ಆಚಾರಿ ಅರವತ್ತರ ಆಸುಪಾಸಿನವರು, ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕುಡುಗೋಲು ತಟ್ಟುತ್ತಿದ್ದರು. ನಾನು ಜಗಳಕ್ಕೆ ನಿಂತವಳ ಹಾಗೆ ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಅವರು ಯಾಕೆ ಅಂತ ಕೇಳಲಿಲ್ಲ. "ಎಡಗೈ ಎಬ್ಬೆಟ್ಟು ಎಷ್ಟ್ ಬಗ್ತದೆ?" ಎಂದು ಕೇಳಿದರು. ನನಗೆ ಅಳು ಬರುವಂತಾಯಿತು. ಇಷ್ಟು ಊರಿನಲ್ಲಿ ಮೊದಲ ಸಲ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. ಕಬ್ಬಿಣ ಕೊಯ್ಯುವ ಮಿಷನ್ನಿನ ಹಳೇ ಗರಗಸದ ಅಲಗಿನಲ್ಲಿ ಮಾಡಿಕೊಡುತ್ತೇನೆ, ಮುನ್ನೂರೈವತ್ತು, ಎಂಟು ದಿನ ಬಿಟ್ಟು ಬನ್ನಿ ಅಂದರು. ಹಿಡಿಗೆ ನಮ್ಮ ಚನ್ನಪಟ್ಟಣದ ಗೊಂಬೆ ಮಾಡುವ ಮರ ತರಲೇ ಎಂದರೆ ನಕ್ಕರು. "ಅದು ಮೆತ್ಗೆ ತಾಯಿ. ಉಣ್ಸೆ ಮರದ್ ಒಳಗಿನ್ ಗಟ್ಟಿ ಚೇಗು ಆಕ್ತೀನಿ, ನಿಮ್ಮಪ್ಪನ್ ಕಾಲಕ್ಕೂ ಬತ್ತದೆ, ನಿಮ್ ಕಾಲಕ್ಕೂ ಬತ್ತದೆ."

ಎಂಟು ದಿನದ ಮೇಲಿನ ಭಾನುವಾರ ಬೆಳಿಗ್ಗೆಯೇ ಹೋದೆ. ಚಾಕು ಸಿದ್ಧವಿತ್ತು. ಬೆರಳುದ್ದದ ಅಲಗು, ಕಪ್ಪು ಹುಣಸೆಯ ಹಿಡಿ, ಹಿತ್ತಾಳೆಯ ಒಂದೇ ಮೊಳೆ, ಹಿಂದಕ್ಕೆ ಬಾಗಿದ ಬಾಲ. ಆಚಾರಿ ನನ್ನನ್ನು ಕೂರಿಸಿ ಎಡಗೈಯಲ್ಲಿ ಬಿಚ್ಚಿಸಿದರು, ಮಡಚಿಸಿದರು. ಬಿಗಿಯಾಯಿತು ಅಂದರೆ ಮೊಳೆಗೆ ಎಣ್ಣೆ ಬಿಟ್ಟು ಅಲುಗಿಸಿದರು. ಸಡಿಲವಾಯಿತು ಅಂದರೆ ಸಣ್ಣ ಸುತ್ತಿಗೆಯಲ್ಲಿ ಒಂದು ಏಟು ತಟ್ಟಿದರು. "ಒಸಿ ಬಿಗಿ ಇರ್ಬೇಕು, ಸೊಂಟದಲ್ಲಿ ತಾನೇ ಬಿಚ್ಕೋಬಾರ್ದು. ಒಸಿ ಸಡ್ಲ ಇರ್ಬೇಕು, ಕಾಯ್ಲೆ ಕೈಗೆ ಬಗ್ಬೇಕು. ಕುಯ್ಯೋವಾಗ ಬಾಲದ್ ಮ್ಯಾಲೆ ಎಬ್ಬೆಟ್ ಇಟ್ಕಂಡಿದ್ರೆ ಮಡಚ್ಕಳಾಕಿಲ್ಲ." ಅರ್ಧ ಗಂಟೆ ಹೀಗೆ ಹದ ನೋಡಿ, ಕೊನೆಗೆ ಚಾಕನ್ನು ನನ್ನ ಕೈಗೆ ಕೊಡದೆ ಕಬ್ಬಿಣ ತಟ್ಟುವ ಅಡಿಗಲ್ಲಿನ ಮೇಲಿಟ್ಟರು. "ತಗಳಿ. ಅರಿತವಾದ್ದು ಕೈಯಿಂದ್ ಕೈಗೆ ಕೊಡಬಾರ್ದು, ಜಗ್ಳ ಆಯ್ತದೆ."

"ಆಗೋ ಜಗಳವೆಲ್ಲ ಆಗಿಹೋಗಿದೆ," ಅಂದೆ.

"ಯಾರ್ ಮ್ಯಾಲೆ ತಾಯಿ ಅಷ್ಟ್ ಕ್ವಾಪ?"

ಹೇಳಿದೆ. ಗುಜರಿಗೆ ಹಾಕಿದ ತಮ್ಮ, ತಟ್ಟೆ ಎತ್ತಿದ ಅವನ ಹೆಂಡತಿ, ಉಗುರು ಕತ್ತರಿಯವನು, ಹೆಸರು ಬರೆಸಿಕೊಳ್ಳುವವನು, ಊಟ ಕಮ್ಮಿಯಾಗುತ್ತದೆ ಅಂದ ನೆಂಟರು. ಆಚಾರಿ ಎಲ್ಲಾ ಕೇಳಿಸಿಕೊಂಡು ಇದ್ದಿಲು ಕೆದಕಿದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಇಷ್ಟು ಹೊತ್ತು ಹೇಳದೇ ಇದ್ದದ್ದು ಮರೆತಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಎರಡು ಸಲ ಮಂಚದಿಂದ ಒಬ್ಬನೇ ಇಳಿಯಲು ಹೋಗಿ ಬಿದ್ದ. ಎರಡನೇ ಸಲ ಹಣೆ ಒಡೆದು ಆರು ಹೊಲಿಗೆ ಹಾಕಿಸಬೇಕಾಯಿತು. ನಾನು ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತುವವಳು, ತಮ್ಮ ತೋಟಕ್ಕೆ, ಅವನ ಹೆಂಡತಿ ರೇಷ್ಮೆ ಹುಳದ ಮನೆಗೆ. ಅದಕ್ಕೆ ಅಮ್ಮನ ಹಳೇ ಹತ್ತಿ ಸೀರೆಯಲ್ಲಿ ಒಂದು ಅಗಲವಾದ ಪಟ್ಟಿ ಹರಿದು, ಮೈಗೆ ಒತ್ತಬಾರದೆಂದು ನಾಲ್ಕು ಮಡಿಕೆ ಮಾಡಿ, ಅಪ್ಪನ ಸೊಂಟಕ್ಕೆ ಸುತ್ತಿ ಮಂಚಕ್ಕೆ ಕಟ್ಟುತ್ತಿದ್ದೆವು. ಕಟ್ಟುತ್ತಿದ್ದೆವು ಏನು, ಕಟ್ಟುತ್ತಿದ್ದವಳು ನಾನೇ. ಯೋಚನೆಯೂ ನನ್ನದೇ. ಗಂಟು ಮಂಚದ ಕೆಳಗೆ, ಅವನ ಕೈಗೆ ಸಿಗದ ಹಾಗೆ. ಕಟ್ಟುವುದು ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಬೆಲ್ಟ್ ಹಾಕುವುದು ಅನ್ನುತ್ತಿದ್ದೆವು, ಕಾರಿನಲ್ಲಿ ಹಾಕುತ್ತಾರಲ್ಲ ಹಾಗೆ. ನಾನು ಬಂದು ಬಿಚ್ಚುವವರೆಗೆ ಅಪ್ಪ ಅದರಲ್ಲೇ ಇರುತ್ತಿದ್ದ. ನೋಡಲು ಬಂದವರು, ಎಷ್ಟು ಮುತುವರ್ಜಿ ಮಗಳಿಗೆ ಅಂದದ್ದೂ ಉಂಟು. ಆ ಮಾತಿಗೆ ನಾನು ಹಿಗ್ಗಿದ್ದೂ ಉಂಟು.

ಮಾಗಡಿಗೆ ಹೊರಟ ಆ ಬೆಳಿಗ್ಗೆಯೂ ಬೆಲ್ಟ್ ಹಾಕಿಯೇ ಹೋಗಿದ್ದೆ.

ಮನೆ ಸೇರಿದಾಗ ಮಧ್ಯಾಹ್ನ ಒಂದು ಗಂಟೆ. "ತಂದೆ ಕಣಪ್ಪ!" ಎಂದು ಬಾಗಿಲಲ್ಲೇ ಕೂಗಿದೆ. ತಮ್ಮನೂ ಅವನ ಹೆಂಡತಿಯೂ ಬಂದು ನಿಂತರು. ಬೆಲ್ಟ್ ಬಿಚ್ಚುವ ಮೊದಲೇ ಗೋಡೆಗೆ ದಿಂಬು ಕೊಟ್ಟು ಅಪ್ಪನನ್ನು ಒರಗಿಸಿದೆ. ಚಾಕನ್ನು ಅವನ ಎಡಗೈ ಪಕ್ಕ ಹಾಸಿಗೆಯ ಮೇಲಿಟ್ಟೆ. ತಟ್ಟೆಯಲ್ಲಿ ಎರಡು ರಸಪುರಿ ಹಣ್ಣು ಇಟ್ಟೆ, ಇನ್ನೇನು ಸುಗ್ಗಿ ಮುಗಿಯುವ ಹೊತ್ತು, ಹುಡುಕಿ ತಂದಿದ್ದೆ.

ಅಪ್ಪ ಚಾಕನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಬ್ಬೆರಳು ಬಾಲವನ್ನು ಹುಡುಕಿತು. ಮೊದಲ ಸಲ ಜಾರಿತು. ಎರಡನೇ ಸಲ ಅಲಗು ಅರ್ಧ ಎದ್ದು ನಿಂತಿತು. ಮೂರನೇ ಸಲ ಪೂರ್ತಿ ತೆರೆಯಿತು. ತೊಡೆಗೆ ಒತ್ತಿ ಮಡಚಿದ. ಮತ್ತೆ ಬಿಚ್ಚಿದ. ನನ್ನ ತಮ್ಮ ಚಪ್ಪಾಳೆ ತಟ್ಟಿದ. "ಭೇಷ್! ಕುಯ್ಯಪ್ಪ, ಅಣ್ಣು ಕುಯ್ಯಿ."

ಅಪ್ಪ ಹಣ್ಣಿನ ಕಡೆ ನೋಡಲಿಲ್ಲ. ಅಂಗಿಯ ಅಂಚನ್ನು ಬೆರಳಿನಿಂದ ಸರಿಸಿದ, ಅಲಗನ್ನು ಹೊಟ್ಟೆಗೂ ಪಟ್ಟಿಗೂ ನಡುವೆ ಸೇರಿಸಿದ, ಅದರ ಹರಿತದ ಬದಿಯನ್ನು ಹೊರಗಡೆಗೆ ತಿರುಗಿಸಿಕೊಂಡ. ಕೊಯ್ಯತೊಡಗಿದ.

"ಅಕ್ಕ, ಕೈ ಇಡ್ಕೋ! ಇಡ್ಕೋ ಅಕ್ಕ!" ಎಂದು ತಮ್ಮ ಕೂಗಿಕೊಂಡ. ನನ್ನ ಕೈ ಏಳಲಿಲ್ಲ. ಒತ್ತಬಾರದೆಂದು ನಾನೇ ಮಾಡಿದ್ದ ನಾಲ್ಕು ಮಡಿಕೆ. ಒಂದೊಂದನ್ನೇ ಕೊಯ್ಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವನ ಹಣೆ ಬೆವೆತು ನೀರಿಳಿಯಿತು. ಕೊನೆಯ ಎಳೆ ಹೋದಾಗ ಪಟ್ಟಿ ಎರಡು ಕಡೆಗೆ ಬಿತ್ತು. ಅಪ್ಪ ಮೊದಲು ಚಾಕನ್ನು ಮಡಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಎಡಗಾಲನ್ನು ಮಂಚದಿಂದ ಕೆಳಗೆ ಬಿಟ್ಟ. ಬಲಗಾಲನ್ನು ಎಡಗೈಯಿಂದ ಎತ್ತಿ ಅದರ ಪಕ್ಕ ಇಟ್ಟ. ಏಳಲಿಲ್ಲ, ಏಳಲು ನೋಡಲೂ ಇಲ್ಲ. ಎರಡೂ ಪಾದ ನೆಲಕ್ಕೆ ಊರಿ ಸುಮ್ಮನೆ ಕೂತ.

ಅವನು "ಸಾಕು" ಅನ್ನತೊಡಗಿದ್ದು ಯುಗಾದಿಗೆ. ಹಣೆಗೆ ಹೊಲಿಗೆ ಹಾಕಿಸಿ ತಂದು ನಾನು ಬೆಲ್ಟ್ ಶುರು ಮಾಡಿದ್ದೂ ಅದೇ ವಾರ. ಎಷ್ಟೋ ಜನರ ದಿನಾಂಕ ತಾಳೆ ನೋಡಿ ಅರ್ಜಿ ಮಾಡುವ ನನಗೆ ಈ ಎರಡನ್ನು ಪಕ್ಕ ಪಕ್ಕ ಇಟ್ಟು ನೋಡಬೇಕೆಂದು ಹೊಳೆದೇ ಇರಲಿಲ್ಲ. ಅವನು ಅಂದದ್ದು ಚಾಕೋ, ಸಾಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ತಮ್ಮನ ಹೆಂಡತಿ ಬಗ್ಗಿ ಪಟ್ಟಿಯ ತುಂಡುಗಳನ್ನು ಆಯ್ದುಕೊಂಡಳು. ಧೂಳು ಕೊಡವಿ, ಮಡಚಿ, ಎಂದಿನ ಹಾಗೆ ಮೆಲ್ಲಗೆ ಕೇಳಿದಳು: "ಅಕ್ಕ, ಇದು ತುಂಡಾಗೋಯ್ತು. ನಾಳೀಕೆ ಬ್ಯಾರೆ ಸೀರೆ ಹರ್ದು ಕೊಡ್ಲಾ?"

ನಾನು ಅವಳ ಮೇಲೆ ಹಾಯ್ದೆ. ನಿನಗೆ ಮನುಷ್ಯತ್ವ ಇದೆಯೇ ಅಂದೆ, ನಿನ್ನ ಅಪ್ಪನನ್ನಾದರೆ ಹೀಗೆ ದನದ ಹಾಗೆ ಕಟ್ಟುತ್ತಿದ್ದೆಯಾ ಅಂದೆ, ಆ ಬಟ್ಟೆಯನ್ನು ಅವಳ ಕೈಯಿಂದ ಕಿತ್ತು ಅಂಗಳಕ್ಕೆ ಎಸೆದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದರು. ಅವಳು ಅಳುತ್ತಾ ನಿಂತಳು. ನಾನು ಇನ್ನೂ ಬೈಯುತ್ತಲೇ ಇದ್ದೆ. ಅಪ್ಪ ಅವಳ ಕಡೆ ತಿರುಗಲೇ ಇಲ್ಲ, ನನ್ನನ್ನೇ ನೋಡುತ್ತಿದ್ದ.